ದೀಕ್ಷಾಸ್ನಾನ: 7 ತಿಂಗಳ ಮಗನಿಗೆ ಈಗಲೇ ಮಾಡಿಸೋದಾ? 9 ವರ್ಷದ ಮಗಳು ತಾನೇ ಕೇಳ್ತಿದ್ದಾಳೆ

ಹೊಳೆದಂಡೆ (ಪ್ರಶ್ನೆ)

ಎಲ್ಲರಿಗೂ ವಂದನೆ. ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ನಮ್ಮ ಯಜಮಾನರು ಬ್ಯಾಪ್ಟಿಸ್ಟ್ ಸಭೆಯವರು. ಮಗನಿಗೆ 7 ತಿಂಗಳು, ಮಗಳಿಗೆ 9 ವರ್ಷ. ಮಗಳು ಹುಟ್ಟಿದಾಗ ಅವರ ಸಭೆಯಲ್ಲಿ ಶಿಶು ಸಮರ್ಪಣೆಯ ಪ್ರಾರ್ಥನೆ ಮಾತ್ರ ಆಗಿದೆ, ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ನೀರು ಹಾಕಿಲ್ಲ. ಮಗನಿಗೆ ಬೇಗ ಮಾಡಿಸಿ ಅಂತ ತವರಿನವರು, ಮಕ್ಕಳು ನಂಬಿ ತಾವೇ ಕೇಳೋವರೆಗೆ ಬೇಡ ಅಂತ ಅತ್ತೆ ಮಾವ. ಅಷ್ಟರಲ್ಲಿ ಮಗಳೇ "ನನಗೆ ದೀಕ್ಷಾಸ್ನಾನ ಬೇಕು" ಅಂತ ಕೇಳಿದ್ದಾಳೆ.

ಸತ್ಯವೇದದಲ್ಲಿ ವಯಸ್ಸು ಹೇಳಿದೆಯಾ? ಮಗನಿಗೆ ಈಗ ಮಾಡಿಸಿದರೆ ಮುಂದೆ ಅವರ ಸಭೆಯಲ್ಲಿ ತೊಡಕಾಗುತ್ತದಾ? 9 ವರ್ಷದವಳ ಮಾತನ್ನು ಎಷ್ಟು ಗಟ್ಟಿ ಅಂತ ತಿಳಿಯೋದು? ದಯವಿಟ್ಟು ವಿವರವಾಗಿ ಹೇಳಿ.

ಗಂಟೆಗೋಪುರ

ಸಹೋದರಿ, ಸತ್ಯವೇದದಲ್ಲಿ ಎಲ್ಲೂ ವಯಸ್ಸು ಹೇಳಿಲ್ಲ. ಲುದ್ಯಳ ಮನೆಯವರು, ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಯ ಮನೆಯವರು (ಅಪೊಸ್ತಲರ ಕೃತ್ಯಗಳು 16), ಸ್ತೆಫನನ ಮನೆಯವರು (1 ಕೊರಿಂಥ 1:16) ಎಲ್ಲರೂ ದೀಕ್ಷಾಸ್ನಾನ ಹೊಂದಿದರು ಅಂತಿದೆ. ಆ ಮನೆಗಳಲ್ಲಿ ಹಸುಗೂಸು ಇತ್ತೋ ಇಲ್ಲವೋ ಬರೆದಿಲ್ಲ. ಇತ್ತು ಅಂತ ಶಿಶುವಿಗೂ ಮಾಡಿಸುವ ನಮ್ಮ ಕಡೆಯವರೂ ಇರಲಿಲ್ಲ ಅಂತ ಬ್ಯಾಪ್ಟಿಸ್ಟ್ ಕಡೆಯವರೂ ಹಟ ಹಿಡಿಯೋದು ಸರಿಯಲ್ಲ.

ಆದಿಸಭೆಯಲ್ಲೂ ಎರಡೂ ರೂಢಿ ಇತ್ತು. ಸುಮಾರು 200ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಚಿಕ್ಕ ಮಕ್ಕಳಿಗೆ ತಡವಾಗಿ ಮಾಡಿಸಿ ಅಂತ ಬರೆದ. ಅಂದರೆ ಆಗಲೇ ಮಕ್ಕಳಿಗೆ ಮಾಡಿಸುತ್ತಿದ್ದರು ಅಂತಾಯಿತಲ್ಲ. ಅದೇ ಊರಲ್ಲಿ ಸುಮಾರು 253ರಲ್ಲಿ ಬಿಷಪ್ ಸಿಪ್ರಿಯನ್ ಮತ್ತು ಇತರ 66 ಬಿಷಪರು ಕೂಡಿ, ಯೆಹೂದ್ಯರ ಸುನ್ನತಿಯಂತೆ ಎಂಟನೆಯ ದಿನದವರೆಗೂ ಕಾಯುವ ಅಗತ್ಯವಿಲ್ಲ ಅಂದರು. ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟಿನನ ತಾಯಿ ಮೋನಿಕಾ ಭಕ್ತೆ. ಆದರೂ ಅವನಿಗೆ ದೀಕ್ಷಾಸ್ನಾನವಾದದ್ದು 387ರಲ್ಲಿ, 32ನೆಯ ವಯಸ್ಸಿನಲ್ಲಿ. ಸ್ನಾನವಾದ ಮೇಲೆ ಮಾಡಿದ ಪಾಪ ಹೆಚ್ಚು ಭಾರ ಅನ್ನುವ ಭಯದಿಂದ ಆಗಿನವರು ಮುಂದೂಡುತ್ತಿದ್ದರು.

ನಮ್ಮ ಸಿಎಸ್‌ಐಯಲ್ಲಿ ಶಿಶುವಿಗೂ ಮಾಡಿಸುತ್ತಾರೆ, ದೊಡ್ಡವರಿಗೂ ಮಾಡಿಸುತ್ತಾರೆ. ಶಿಶುವಿನ ಸ್ನಾನಕ್ಕೆ ಬೆನ್ನಿಗೆ ಎರಡು ಕೆಲಸ ಇವೆ: ಭಾನುವಾರದ ಶಾಲೆಯ ಬೋಧನೆ, ಆಮೇಲೆ ಸಾಮಾನ್ಯವಾಗಿ 14-15ರ ಆಸುಪಾಸಿನಲ್ಲಿ ದೃಢೀಕರಣ. ಅಲ್ಲಿ ಮಗು ತಂದೆತಾಯಿ ಆಡಿದ ಮಾತನ್ನು ತಾನೇ ಆಡುತ್ತದೆ. ಸ್ನಾನ ಮಾಡಿಸಿ, ಫೋಟೊ ತೆಗೆದು, ಊಟ ಹಾಕಿಸಿ, ಮತ್ತೆ ದೃಢೀಕರಣದ ತರಗತಿಗೇ ಮುಖ ತೋರಿಸುವ ಮನೆಗಳು ಬಹಳ. ಶಿಶು ದೀಕ್ಷಾಸ್ನಾನಕ್ಕೆ ಕೆಟ್ಟ ಹೆಸರು ಬಂದಿರುವುದು ಇದರಿಂದಲೇ. ಮಗುವನ್ನು ಬೆಳೆಸುವ ಮನಸ್ಸು ಇಬ್ಬರಿಗೂ ಇದ್ದರೆ 7 ತಿಂಗಳು ತಕ್ಕ ವಯಸ್ಸು. ಇಲ್ಲದಿದ್ದರೆ ಯಾವ ವಯಸ್ಸೂ ತಕ್ಕದ್ದಲ್ಲ.

ಆ ದಿನಕ್ಕೆ ಒಂದೆರಡು ಸೂಚನೆ. ಈ ವಯಸ್ಸಿನ ಕೂಸು ಸುಮ್ಮನೆ ಮಲಗಿರುವುದಿಲ್ಲ, ಅಯ್ಯನವರ ಕನ್ನಡಕಕ್ಕೇ ಕೈ ಹಾಕುತ್ತದೆ. ಆರಾಧನೆಗೆ ಮುಕ್ಕಾಲು ಗಂಟೆ ಮೊದಲು ಹಾಲು ಕುಡಿಸಿಬಿಡಿ. ಕುಲಾವಿಯ ದಾರದ ಗಂಟನ್ನು ಮೊದಲೇ ಸಡಿಲ ಮಾಡಿಡಿ. ನೀರು ಮೊಣಕೈಗೆ ತಾಗಿಸಿದರೆ ಉಗುರುಬೆಚ್ಚಗಿರಬೇಕು. ಮಗುವಿನ ಮುಖ ಮೇಲಕ್ಕೆ, ತಲೆ ತೊಟ್ಟಿಯ ಮೇಲಕ್ಕೆ ಬರುವಂತೆ ಹಿಡಿದರೆ ನೀರು ಹಣೆಯಿಂದ ಹಿಂದಕ್ಕೆ ಹರಿಯುತ್ತದೆ, ಮೂಗಿಗೆ ಹೋಗುವುದಿಲ್ಲ.

ಮಗಳ ವಿಷಯ ಬೇರೆ. ಅವಳಿಗೆ ಮಾತು ಬರುತ್ತದೆ, ಆದ್ದರಿಂದ ಅವಳ ಪರವಾಗಿ ನೀವು ಉತ್ತರ ಕೊಡಬಾರದು. ತಮ್ಮನ ಜೊತೆಗೇ ಒಂದೇ ದಿನ ಮುಗಿಸೋಣ ಅನ್ನೋ ಅನುಕೂಲಕ್ಕಾಗಿ ಅವಳನ್ನು ಅವಸರಪಡಿಸಬೇಡಿ.

ನೀರಿನಂಚು

ನಂಬಿದ ಮೇಲೆಯೇ ದೀಕ್ಷಾಸ್ನಾನ ಕೊಡುವ ವಿಶ್ವಾಸಿಗಳ ಸಭೆಯಲ್ಲಿ ತಯಾರಿ ತರಗತಿ ನಡೆಸುವವರ ಕಡೆಯಿಂದ ಹೇಳುತ್ತೇನೆ.

ನಮ್ಮಲ್ಲೂ ವಯಸ್ಸಿನ ನಿಯಮ ಇಲ್ಲ. ಹಲವು ಸಭೆಗಳು 12 ಅಂತ ಇಟ್ಟುಕೊಂಡಿವೆ. ಯೇಸು 12ರಲ್ಲಿ ದೇವಾಲಯದಲ್ಲಿ ಬೋಧಕರ ನಡುವೆ ಕೂತಿದ್ದ ಅನ್ನುವುದು (ಲೂಕ 2:42) ಅದಕ್ಕೆ ಕೊಡುವ ಆಧಾರ. ಅದು ರೂಢಿ, ಆಜ್ಞೆ ಅಲ್ಲ. "ಯೇಸು 30ರಲ್ಲಿ ಸ್ನಾನ ಮಾಡಿಸಿಕೊಂಡ, ಹಾಗಾದರೆ 30" ಅನ್ನುವವರೂ ಇದ್ದಾರೆ. ಅದು ಸ್ನಾನಿಕ ಯೋಹಾನ ಯೇಸುವಿಗೆ ಮಾಡಿಸಿದ ಸ್ನಾನ, ನಮ್ಮ ವಯಸ್ಸಿಗೆ ಅಳತೆಗೋಲು ಅಲ್ಲವೇ ಅಲ್ಲ.

ನಮ್ಮ ನಿಲುವಿನ ತಿರುಳು, ನೀರಿಗಿಳಿಯುವವನೇ ಬಾಯಿಬಿಟ್ಟು ಹೇಳಬೇಕು ಅನ್ನುವುದು. 1525ರ ಜನವರಿ 21ರಂದು ಜ್ಯೂರಿಕ್‌ನಲ್ಲಿ ಶಿಶುಸ್ನಾನ ಒಪ್ಪದ ಸುಧಾರಕ ಕಾನ್ರಾಡ್ ಗ್ರೇಬೆಲ್ ತನ್ನ ಸಂಗಡಿಗ ಜಾರ್ಜ್ ಬ್ಲೌರಾಕ್‌ನಿಗೆ ಸ್ನಾನ ಮಾಡಿಸಿದ್ದು ಇದಕ್ಕಾಗಿ. 1527ರಲ್ಲಿ ಅವರದೇ ಗುಂಪಿನ ಫೆಲಿಕ್ಸ್ ಮಾಂಟ್ಸ್‌ನನ್ನು ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದದ್ದೂ ಇದೇ ಕಾರಣಕ್ಕೆ. ಅಷ್ಟು ಬೆಲೆ ಕೊಟ್ಟ ಮಾತನ್ನು ಮಗುವೊಂದು ಕೇಳಿದಾಗ "ನೀನಿನ್ನೂ ಚಿಕ್ಕವಳು, ಹೋಗು" ಅನ್ನಬಾರದು. ಕೇಳಿದ ಕೂಡಲೇ ನೀರಿಗಿಳಿಸುವುದೂ ತಪ್ಪೇ.

ಪರೀಕ್ಷಿಸುವ ರೀತಿ ಹೀಗೆ. ತಂದೆತಾಯಿ ಪಕ್ಕದಲ್ಲಿ ಕೂರಬಾರದು, ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ. ಮಗು ಅವರ ಮುಖ ನೋಡಿ ಉತ್ತರ ಹುಡುಕುತ್ತದೆ. "ಯೇಸು ನಿನ್ನ ಪಾಪಕ್ಕಾಗಿ ಸತ್ತನಾ?" ಅಂತ ಕೇಳಿದರೆ ಭಾನುವಾರದ ಶಾಲೆಗೆ ಹೋದ ಯಾವ ಮಗುವೂ ಹೌದು ಅನ್ನುತ್ತದೆ. ಹೌದು, ಇಲ್ಲ ಅನ್ನಲಾಗದ ಪ್ರಶ್ನೆ ಕೇಳಬೇಕು: "ನಿನಗೆ ಇದು ಯಾಕೆ ಬೇಕು ಅನ್ನಿಸಿತು?" "ಪಾಪ ಅಂದರೇನು, ನೀನು ಮಾಡಿದ್ದು ಒಂದು ಹೇಳು." "ನೀರೇ ಪಾಪ ತೊಳೆಯುತ್ತದಾ?" "ಅಮ್ಮ ಬೇಡ ಅಂದರೆ ಯೇಸು ಬೇಜಾರಾಗುತ್ತಾನಾ?" ಕೊನೆಯದಕ್ಕೆ ಬರುವ ಉತ್ತರದಲ್ಲಿ ಭಯ ಇದೆಯೋ ನಂಬಿಕೆ ಇದೆಯೋ ಗೊತ್ತಾಗುತ್ತದೆ. ಮಗು ತನ್ನದೇ ಮಾತಲ್ಲಿ, ತಡವರಿಸುತ್ತಾ ಹೇಳಿದರೆ ಒಳ್ಳೆಯ ಲಕ್ಷಣ. ಬಾಯಿಪಾಠದ ವಾಕ್ಯ ಒಪ್ಪಿಸಿದರೆ ಇನ್ನೂ ಸಮಯ ಬೇಕು ಅಂತ ತಿಳಿಯಿರಿ.

ತಪ್ಪಾಗುವುದು ಹೆಚ್ಚಾಗಿ ಬೇಸಿಗೆ ರಜೆಯ ವಿಬಿಎಸ್ (ಮಕ್ಕಳ ರಜಾ ಬೈಬಲ್ ಶಾಲೆ) ಮುಗಿದ ವಾರ. ಕೊನೆಯ ದಿನ ಕೈ ಎತ್ತಿ ಅನ್ನುತ್ತಾರೆ, ಒಬ್ಬಳು ಎತ್ತಿದರೆ ಗೆಳತಿಯರೆಲ್ಲ ಎತ್ತುತ್ತಾರೆ. ಇನ್ನು ಕೆಲವರಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸದ ತಟ್ಟೆ ತಮ್ಮನ್ನು ದಾಟಿಹೋಗುವುದೇ ಸಂಕಟ. ಹೀಗೆ ಆರೇಳು ವರ್ಷಕ್ಕೆ ಮಾಡಿಸಿದವರು ಇಪ್ಪತ್ತರಲ್ಲಿ "ಆಗ ನನಗೆ ಏನೂ ತಿಳಿದಿರಲಿಲ್ಲ, ಮತ್ತೆ ಮಾಡಿಸಿ" ಅಂತ ಬರುತ್ತಾರೆ.

ಹಾಗಾಗಿ ಮಗಳಿಗೆ "ಆಗಲಿ, ತಯಾರಾಗೋಣ" ಅನ್ನಿ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ. ವಾರಕ್ಕೆ ಒಂದರಂತೆ ಅವಳ ಜೊತೆ ಕೂತು ಓದಿದರೆ ಸುಮಾರು ನಾಲ್ಕು ತಿಂಗಳು. ನೀವು ನೆನಪಿಸದೆ ಅವಳೇ ಪುಸ್ತಕ ತೆಗೆದುಕೊಂಡು ಬರುತ್ತಾಳಾ ನೋಡಿ. ನಾಲ್ಕು ತಿಂಗಳ ಮೇಲೂ ಅದೇ ಆಸೆ ಇದ್ದರೆ 9 ವರ್ಷ ಅಡ್ಡಿಯಲ್ಲ.

ಮಗನ ತೊಡಕು ನಿಜವಾದದ್ದು. ಈಗ ಸಿಎಸ್‌ಐಯಲ್ಲಿ ಆದರೆ, ದೊಡ್ಡವನಾಗಿ ಬ್ಯಾಪ್ಟಿಸ್ಟ್ ಸಭೆಯ ಸದಸ್ಯನಾಗಬೇಕೆಂದಾಗ ಅನೇಕ ಸಭೆಗಳು ಮುಳುಗುಸ್ನಾನ ಕೇಳುತ್ತವೆ. ಕೆಲವು ಸಭೆಗಳು ಕೇಳುವುದಿಲ್ಲ. ನಿಮ್ಮ ಯಜಮಾನರ ಸಭೆ ಯಾವ ಬಗೆಯದು ಅಂತ ಪಾಸ್ಟರ್ ಹತ್ತಿರ ಈಗಲೇ ಕೇಳಿಕೊಳ್ಳಿ.

ಗಂಟೆಗೋಪುರ

ಮೇಲಿನವರು ಹೇಳಿದ್ದರಲ್ಲಿ ಮತ್ತೊಮ್ಮೆ ಸ್ನಾನ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಪ್ರೀತಿಯಿಂದಲೇ ಹೇಳುತ್ತೇನೆ. ತ್ರಯೈಕ ದೇವರ (ತಂದೆ, ಮಗ, ಪವಿತ್ರಾತ್ಮ) ಹೆಸರಿನಲ್ಲಿ ನೀರಿನಿಂದ ಒಮ್ಮೆ ಆದದ್ದು ಆಯಿತು. ಎಫೆಸ 4:5ರಲ್ಲಿ ದೀಕ್ಷಾಸ್ನಾನ ಒಂದೇ ಅಂತಿದೆ. ಎರಡನೆಯದನ್ನು ನಮ್ಮ ಸಭೆ ಮೊದಲನೆಯದರ ನಿರಾಕರಣೆ ಅಂತಲೇ ನೋಡುತ್ತದೆ. ಆದ್ದರಿಂದ ಮಗ ಬ್ಯಾಪ್ಟಿಸ್ಟ್ ಸಭೆಯಲ್ಲೇ ಬೆಳೆಯುತ್ತಾನೆ ಅಂತ ಗಟ್ಟಿಯಾದರೆ, ತವರಿನವರ ಸಂತೋಷಕ್ಕೆ ಈಗ ಮಾಡಿಸಬೇಡಿ. ಶಿಶು ಸಮರ್ಪಣೆ ಮಾಡಿಸಿ. ಒಂದೇ ಸಭೆಯೊಳಗೆ ಎರಡೂ ರೂಢಿ ಇರಲಾಗದು ಅಂತೇನಿಲ್ಲ. 1970ರಲ್ಲಿ ಉತ್ತರ ಭಾರತ ಸಭೆ ಸ್ಥಾಪನೆಯಾದಾಗ ಬ್ಯಾಪ್ಟಿಸ್ಟರೂ ಸೇರಿದ್ದರಿಂದ ಎರಡಕ್ಕೂ ಅಲ್ಲಿ ಸಮನಾದ ಜಾಗ ಕೊಟ್ಟರು.

ಮೇಣದಬತ್ತಿ

ಕಥೋಲಿಕ ಕ್ರಮವನ್ನೂ ಸೇರಿಸುತ್ತೇನೆ, ಇದೇ ಪ್ರಶ್ನೆ ಇರುವ ಬೇರೆಯವರಿಗೆ ಬೇಕಾದೀತು.

1983ರ ಕ್ಯಾನನ್ ಕಾನೂನಿನ (ಕಥೋಲಿಕ ಸಭೆಯ ಕಾಯ್ದೆ) 867ನೆಯ ನಿಯಮದಂತೆ ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಾಡಿಸಬೇಕು. ತಂದೆತಾಯಿಯಲ್ಲಿ ಒಬ್ಬರಾದರೂ ಒಪ್ಪಿರಬೇಕು. 7 ತುಂಬಿ ಬುದ್ಧಿ ತಿಳಿದ ಮಗುವನ್ನು ಈ ವಿಷಯದಲ್ಲಿ ದೊಡ್ಡವರ ಲೆಕ್ಕಕ್ಕೇ ಸೇರಿಸುತ್ತಾರೆ: ಬೋಧನೆ ಬೇಕು, ಮಗುವಿನ ಸ್ವಂತ ಇಚ್ಛೆ ಬೇಕು. ಜ್ಞಾನ ತಂದೆ ಅಥವಾ ಜ್ಞಾನ ತಾಯಿಗೆ (ಗಾಡ್‌ಫಾದರ್, ಗಾಡ್‌ಮದರ್) 16 ತುಂಬಿರಬೇಕು, ದೃಢೀಕರಣ ಆಗಿರಬೇಕು. ಮಗುವಿನ ಸ್ವಂತ ತಂದೆತಾಯಿ ಆ ಜಾಗದಲ್ಲಿ ನಿಲ್ಲುವಂತಿಲ್ಲ. ಸಾಮಾನ್ಯವಾಗಿ ಕೊನೇ ಗಳಿಗೆಯಲ್ಲಿ ಎಡವುವುದು ಇಲ್ಲೇ, 14ರ ಸೋದರತ್ತೆಯ ಮಗಳನ್ನು ನಿಲ್ಲಿಸಲು ಹೊರಟಿರುತ್ತಾರೆ.

ಮಾತಿನ ವಿಷಯದಲ್ಲಿ ಬಹಳ ಎಚ್ಚರ. "ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಅನ್ನುವ ಕಡೆ "ನಾವು" ಅಂದರೆ ಸಿಂಧುವಲ್ಲ ಅಂತ 2020ರಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿದೆ. ನೀರು ಚರ್ಮದ ಮೇಲೆ ಹರಿಯಬೇಕು, ಕೂದಲು ಒದ್ದೆಯಾದರೆ ಸಾಲದು.

ಮಗುವಿನ ಜೀವಕ್ಕೆ ಅಪಾಯವಿದ್ದರೆ ವಯಸ್ಸಿನ ಮಾತೇ ಇಲ್ಲ, ಗುರುಗಳಿಗೆ ಕಾಯುವುದೂ ಬೇಡ. ಯಾರು ಬೇಕಾದರೂ ಕೊಡಬಹುದು. ಆಸ್ಪತ್ರೆಯ ಐಸಿಯುನಲ್ಲಿ ನರ್ಸ್‌ಗೆ ಹೇಳಿ, ಸ್ಟೆರೈಲ್ ನೀರು ಎರಡು ಮೂರು ಎಂಎಲ್ ಸಿರಿಂಜ್‌ನಲ್ಲಿ ತೆಗೆದುಕೊಂಡು, ಸೂಜಿ ತೆಗೆದು, ಟ್ಯೂಬು ಟೇಪುಗಳಿಗೆ ತಾಗದಂತೆ ಹಣೆಯ ಮೇಲೆ ಹರಿಸುತ್ತಾ ಮೇಲಿನ ಮಾತನ್ನು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಹೇಳಿದರೆ ಆಯಿತು. ಆಮೇಲೆ ಧರ್ಮಕೇಂದ್ರಕ್ಕೆ ತಿಳಿಸಿ ರಿಜಿಸ್ಟರಿನಲ್ಲಿ ಬರೆಸಬೇಕು. ಮಗು ಉಳಿದರೆ ಮಿಕ್ಕ ವಿಧಿಗಳನ್ನು ಚರ್ಚಿನಲ್ಲಿ ಪೂರೈಸುತ್ತಾರೆ, ನೀರು ಮತ್ತೆ ಹಾಕುವುದಿಲ್ಲ.

ಯಾವ ಸಭೆಯಲ್ಲೇ ಆಗಲಿ, ರಿಜಿಸ್ಟರಿನ ಹೆಸರು ಜನನ ಪತ್ರದ ಹೆಸರಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಅಲ್ಲಿ ಕರೆಯುವ ಹೆಸರು ಬರೆಸಿದರೆ ಮದುವೆಯ ಹೊತ್ತಿಗೆ ಪರದಾಟ.

ಹೊಳೆದಂಡೆ

ತುಂಬಾ ಉಪಕಾರ. ಮಕ್ಕಳು ಯಜಮಾನರ ಸಭೆಯಲ್ಲೇ ಬೆಳೆಯೋದು ಅಂತ ಇಬ್ಬರೂ ಮಾತಾಡಿಕೊಂಡೆವು. ಮಗನಿಗೆ ಸಮರ್ಪಣೆ ಸಾಕು ಅನ್ನಿಸುತ್ತಿದೆ, ತವರಿಗೆ ನಾನೇ ಹೇಳುತ್ತೇನೆ. ಮಗಳಿಗೆ ಮಾರ್ಕ ಶುರು ಮಾಡುತ್ತೇವೆ. ಆದರೆ ಅವಳಿಗೆ ನೀರೆಂದರೆ ಹೆದರಿಕೆ, ತಲೆ ಮುಳುಗಿಸಲು ಬಿಡುವುದಿಲ್ಲ. ಏನು ಮಾಡೋದು?

ನೀರಿನಂಚು

ಹೆದರಿಕೆ ಇದ್ದರೆ ಮಳೆಗಾಲದ ಹೊಳೆಯಂತೂ ಬೇಡವೇ ಬೇಡ, ಸಭೆಯ ತೊಟ್ಟಿಯೇ ಆಗಲಿ. 6 ಅಡಿ ಉದ್ದ, 4 ಅಡಿ ಅಗಲದ ತೊಟ್ಟಿಯಲ್ಲಿ ಮೂರೂಕಾಲು ಅಡಿ ನೀರು ದೊಡ್ಡವರಿಗೆ ಸೊಂಟಮಟ್ಟ, ಸುಮಾರು 2,200 ಲೀಟರ್ ಹಿಡಿಯುತ್ತದೆ. 9 ವರ್ಷದವಳಿಗೆ ಅದು ಎದೆ ದಾಟುತ್ತದೆ, ಹೆದರಿಕೆ ಇನ್ನೂ ಹೆಚ್ಚುತ್ತದೆ. ಎರಡೂವರೆ ಅಡಿಗೆ ಇಳಿಸಿ ಅಂತ ಕೇಳಿಕೊಳ್ಳಿ, 1,700 ಲೀಟರ್ ಸಾಕು.

ಹಿಂದಿನ ವಾರ ಖಾಲಿ ತೊಟ್ಟಿಯಲ್ಲಿ ಪಾಸ್ಟರ್ ಜೊತೆ ಅಭ್ಯಾಸ ಮಾಡಿಸಿ. ಬಲಗೈಯಲ್ಲಿ ಮೂಗು ಹಿಡಿಯಬೇಕು, ಎಡಗೈಯಲ್ಲಿ ಬಲ ಮಣಿಕಟ್ಟು. ಪಾಸ್ಟರ್ ಒಂದು ಕೈ ಅವಳ ಕೈಗಳ ಮೇಲೆ, ಇನ್ನೊಂದು ಬೆನ್ನಿನ ಮೇಲ್ಭಾಗದಲ್ಲಿ. ಮೊಣಕಾಲು ಮಡಿಸಿ ಕೂರುವಂತೆ ಹಿಂದಕ್ಕೆ ಬಾಗಬೇಕು. ಕಾಲು ನೆಟ್ಟಗಿಟ್ಟರೆ ಪಾದ ಮೇಲೆದ್ದು ಗಾಬರಿಯಾಗುತ್ತದೆ. ಒಳಗಿರುವುದು ಒಂದೆರಡು ಸೆಕೆಂಡು ಅಷ್ಟೇ. ಮನೆಯಲ್ಲಿ ಅಗಲವಾದ ಬೋಗುಣಿಯಲ್ಲಿ ಮುಖ ಅದ್ದಿ ಮೂರು ಎಣಿಸುವುದನ್ನು ದಿನವೂ ರೂಢಿ ಮಾಡಿಸಿ, ನೀವು ಪಕ್ಕದಲ್ಲೇ ಇರಿ.

ಬಟ್ಟೆ ಗಾಢ ಬಣ್ಣದ ಚೂಡಿದಾರ್ ಆಗಲಿ, ತೆಳು ಬಿಳಿ ಒದ್ದೆಯಾದರೆ ಮುಜುಗರ. ನೀರು ಕಾಯಿಸಲು ಹೀಟರ್ ರಾಡ್ ಹಾಕಿದ್ದರೆ, ಯಾರೇ ನೀರಿಗಿಳಿಯುವ ಮೊದಲು ಪ್ಲಗ್ ಕಿತ್ತು ರಾಡನ್ನೇ ಹೊರಗೆ ತೆಗೆದಿರಬೇಕು. ತೊಟ್ಟಿಯೊಳಗೆ ನಿಂತವರ ಕೈಗೆ ವೈರ್ ಇರುವ ಮೈಕ್ ಕೊಡಬಾರದು. ಇವೆರಡನ್ನೂ ಆ ದಿನ ಬೆಳಿಗ್ಗೆ ನೀವೇ ಹೋಗಿ ನೋಡಿಕೊಳ್ಳಿ.