ಕೂಲಿ ಬಿಟ್ಟು ತರಬೇತಿಗೆ ಹೋಗಬೇಕಾ? ಕುಶಲಕರ್ಮಿಗಳ ಪ್ರಶ್ನೆ, ತರಬೇತುದಾರರ ಉತ್ತರ

ಗುಂಪಿನ ಅಡ್ಮಿನ್: ಕರಕುಶಲ ವಿನ್ಯಾಸ ಓದಿ, ಕುಶಲಕರ್ಮಿಗಳ ಜೊತೆಗೇ ಕೆಲಸ ಮಾಡ್ತಾ ಬಂದಿರೋ ತರಬೇತುದಾರರೊಬ್ಬರು ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡ್ತಾರೆ. ಯಾವ ಕಸುಬು, ಯಾವ ಊರು ಅಂತ ಬರೆದು ಕೇಳಿ. "ಮೇಡಂ ಸಾಲ ಎಲ್ಲಿ ಸಿಗತ್ತೆ" ಅಂತ ಒಂದು ಸಾಲು ಹಾಕಿ ಹೋಗಬೇಡಿ.

ಪ್ರಶ್ನೆ (ಚನ್ನಪಟ್ಟಣ, ಲೇತ್ ಕೆಲಸ): ಮೇಡಂ, ಚಿಕ್ಕವನಿದ್ದಾಗಿಂದ ಲೇತ್ ಮುಂದೇನೇ ಇದ್ದೀನಿ. ನಮ್ಮಪ್ಪಂದೂ ಇದೇ ಕೆಲಸ. ಬುಗುರಿ, ಗಿಲಕಿ, ಎಳೆಯೋ ಗಾಡಿ, ಚೆಸ್ ಕಾಯಿ ಎಲ್ಲಾ ಮಾಡ್ತೀನಿ. ಪಿಎಂ ವಿಶ್ವಕರ್ಮ ತರಬೇತಿಗೆ ಬನ್ನಿ ಅಂತ ಫೋನ್ ಬಂದಿದೆ. ಇನ್ನೊಂದು ಕಡೆ ಡಿಸೈನ್ ವರ್ಕ್‌ಶಾಪ್ ಅಂತಿದ್ದಾರೆ. ಕೈಯಲ್ಲಿ ಆರ್ಡರ್ ಇದೆ. ನನಗೆ ಗೊತ್ತಿರೋ ಕೆಲಸಾನೇ ಇನ್ನೊಬ್ಬರು ಹೇಳಿಕೊಡೋದನ್ನ ಕೂತು ನೋಡೋಕೆ ಕೂಲಿ ಬಿಟ್ಟು ಹೋಗಬೇಕಾ?

ಉತ್ತರ: ಅಣ್ಣ, ಮೊದಲು ಕೂಲಿ ಲೆಕ್ಕ ಮುಗಿಸೋಣ. ತರಬೇತಿ ಕೊಡೋರು ಅದನ್ನ ಹೇಳೋದೇ ಇಲ್ಲ.

ಪಿಎಂ ವಿಶ್ವಕರ್ಮ ಅಂದರೆ ಕುಶಲಕರ್ಮಿಗಳಿಗೆ ಅಂತ ಕೇಂದ್ರ ಸರ್ಕಾರ ಮಾಡಿರೋ ಯೋಜನೆ, ಶುರುವಾಗಿದ್ದು 2023ರ ಸೆಪ್ಟೆಂಬರ್ 17ಕ್ಕೆ. ಅದರ 18 ಕಸುಬುಗಳ ಪಟ್ಟಿಯಲ್ಲಿ ಸಾಂಪ್ರದಾಯಿಕ ಗೊಂಬೆ, ಆಟಿಕೆ ಮಾಡೋರು ಇದ್ದಾರೆ, ಹಾಗಾಗಿ ನೀವು ಬರ್ತೀರಿ. ಬೇಸಿಕ್ ತರಬೇತಿ 5ರಿಂದ 7 ದಿನ, ದಿನಕ್ಕೆ ₹500 ಸ್ಟೈಪೆಂಡ್. ನಿಮ್ಮ ದಿನದ ದುಡಿಮೆ ₹800 ಅಂತಿಟ್ಟುಕೊಳ್ಳಿ. 5 ದಿನಕ್ಕೆ ₹4,000 ಹೋಗಿ ₹2,500 ಬಂತು. ₹1,500 ಕೈಯಿಂದ ಬಿತ್ತು. ಆದರೆ ಈ ತರಬೇತಿ ದಾಟಿದ ಮೇಲೇ ಅಲ್ವಾ, ಯಾವ ಅಡಮಾನವೂ ಇಲ್ಲದೆ ಶೇ. 5 ಬಡ್ಡಿಗೆ ₹1 ಲಕ್ಷದವರೆಗಿನ ಮೊದಲ ಸಾಲ, 18 ತಿಂಗಳ ಕಂತು. ₹15,000ವರೆಗಿನ ಉಪಕರಣದ ವೋಚರೂ ಇದೆ. ಹಾಗಾಗಿ ಬೇಸಿಕ್‌ಗೆ ಹೋಗಿಬನ್ನಿ. ಉಳಿ ಹಿಡಿಯೋದು ಕಲಿಸ್ತಾರೆ ಅಂತಲ್ಲ, ಆ ಬಾಗಿಲು ದಾಟೋಕೆ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ ಅವಕಾಶ, ಯಾರು ಹೋಗೋದು ಅಂತ ಮನೇಲಿ ಮೊದಲೇ ಮಾತಾಡಿಕೊಳ್ಳಿ.

15 ದಿನದ ಮುಂದಿನ ಹಂತದ ತರಬೇತಿ ಬೇರೆ ಮಾತು. ಅದೇ ಲೆಕ್ಕದಲ್ಲಿ ₹12,000 ದುಡಿಮೆ ಬಿಟ್ಟು ₹7,500ಕ್ಕೆ ಕೂತ ಹಾಗೆ. ಯಾರು ಕಲಿಸ್ತಾರೆ, ಕೊನೇ ದಿನ ನನ್ನ ಕೈಯಲ್ಲಿ ಯಾವ ಹೊಸ ಸಾಮಾನು ಇರತ್ತೆ ಅಂತ ಕೇಳಿ. ನೇರ ಉತ್ತರ ಬರದಿದ್ದರೆ ಆರ್ಡರ್ ಮುಗಿಸಿಕೊಳ್ಳಿ.

ಈಗ ನಿಮಗೆ ನಿಜವಾಗಿ ಬೇಕಾಗಿರೋದು. ಅರಗಿನ ಕಡ್ಡೀನ ತಿರುಗೋ ಮರಕ್ಕೆ ಒತ್ತಿ, ಆ ಬಿಸಿಗೇ ಕರಗಿಸಿ, ಕೇದಗೆ ಎಲೆಯಲ್ಲಿ ಎಳೆದು ಹೊಳಪು ತರೋದನ್ನ ನಿಮಗೆ ಕಲಿಸೋರು ಯಾರೂ ಇಲ್ಲ. ಆದರೆ ಒಂದು ಚೆಸ್ ಸೆಟ್ಟಿನ 16 ಕಾಲಾಳುಗಳನ್ನ ಸಾಲಾಗಿ ಇಟ್ಟು, ಕ್ಯಾಲಿಪರ್ ಹಿಡಿದು ಕುತ್ತಿಗೆ ಅಳತೆ ತಗೊಳ್ಳಿ. ಬೆಳಿಗ್ಗೆ ಮಾಡಿದ್ದಕ್ಕೂ ಸಂಜೆ ಕೈ ಸೋತಾಗ ಮಾಡಿದ್ದಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ ಕಂಡರೆ, ದೊಡ್ಡ ಆರ್ಡರ್ ಕೊಡೋರು ಅಲ್ಲೇ ಮುಖ ತಿರುಗಿಸ್ತಾರೆ. ತಗಡಲ್ಲಿ ಕಾಯಿಯ ಅರ್ಧ ಆಕಾರ ಕತ್ತರಿಸಿ ಅಳತೆ ಪಟ್ಟಿ ಮಾಡಿಕೊಳ್ಳೋದು, ಮರ ಎಷ್ಟು ಒಣಗಿದೆ ಅಂತ ತೂಕ ನೋಡಿ ಹೇಳೋದು, ಒಂದು ಸೆಟ್ಟಿಗೆ ನಿಜವಾಗಿ ಎಷ್ಟು ಖರ್ಚು ಅಂತ ಬರೆಯೋದು: ಕಸುಬು ಬಲ್ಲವರಿಗೆ ಕಲಿಕೆ ಇರೋದು ಇಲ್ಲಿ. ಹೊಸಬರಿಗೆ ಅಂತ ಮಾಡಿದ ಪಾಠಕ್ಕೆ ಬಲ್ಲವರನ್ನ ಕೂರಿಸೋದೇ ನಮ್ಮ ಹೆಚ್ಚಿನ ತರಬೇತಿಗಳ ರೋಗ. ಹಾಜರಿ ಪುಸ್ತಕ ತುಂಬತ್ತೆ, ಅಷ್ಟೆ.

ಅದೇ ಚನ್ನಪಟ್ಟಣದವರು: ಇನ್ನೊಂದು ಮೇಡಂ. ಐಎಸ್‌ಐ ಮಾರ್ಕ್ ಇಲ್ಲದೆ ಆಟಿಕೆ ಮಾರಿದ್ರೆ ಕೇಸ್ ಆಗತ್ತೆ ಅಂತ ಒಬ್ಬರು ಹೆದರಿಸಿದ್ರು. "ನಮ್ಮ ಕೋರ್ಸ್ ಸೇರಿ, ಮಾಡಿಸಿಕೊಡ್ತೀವಿ" ಅಂತ ದುಡ್ಡು ಕೇಳ್ತಿದ್ದಾರೆ.

ಉತ್ತರ: ದುಡ್ಡು ಕೊಡಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ ಅನ್ನೋದು ನಿಜ, 2021ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಕೇಂದ್ರದ ಹ್ಯಾಂಡಿಕ್ರಾಫ್ಟ್ಸ್ ಡೆವಲಪ್‌ಮೆಂಟ್ ಕಮಿಷನರ್ ಕಚೇರಿಯಲ್ಲಿ ನೋಂದಣಿ ಆದ ಕುಶಲಕರ್ಮಿಗಳು ತಾವೇ ಮಾಡಿ ಮಾರೋ ಆಟಿಕೆಗೆ ಆ ಆದೇಶದಲ್ಲೇ ವಿನಾಯಿತಿ ಇದೆ. ಜಿಐ, ಅಂದರೆ ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು, ಇರೋ ಸಾಮಾನಿಗೆ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿದವರಿಗೂ ಇದೆ. ಚನ್ನಪಟ್ಟಣದ ಗೊಂಬೆಗೆ ಜಿಐ ಇದೆಯಲ್ಲ ಅಂತ ಸುಮ್ಮನೆ ಕೂರಬೇಡಿ, ಊರಿಗೆ ಜಿಐ ಬಂದ ಮಾತ್ರಕ್ಕೆ ನಿಮ್ಮ ಹೆಸರು ಅಲ್ಲಿ ಸೇರಲ್ಲ. ಪೆಹಚಾನ್ ಕಾರ್ಡ್, ಅಂದರೆ ಆ ಕಮಿಷನರ್ ಕಚೇರಿ ಕೊಡೋ ಕುಶಲಕರ್ಮಿ ಗುರುತಿನ ಚೀಟಿ, ಇಲ್ಲದಿದ್ದರೆ ಮೊದಲು ಅದು ಮಾಡಿಸಿ. ಮೇಳದ ಮಳಿಗೆ, ಡಿಸೈನ್ ವರ್ಕ್‌ಶಾಪ್ ಏನೇ ಇರಲಿ, ಅರ್ಜಿ ಹಾಕಿದ ಕಡೆಯೆಲ್ಲಾ ಆ ಕಾರ್ಡೇ ಕೇಳ್ತಾರೆ.

ವಿನಾಯಿತಿ ಇದೆ ಅಂತ ಸುರಕ್ಷತೆ ಕಲಿಯೋದು ಬಿಡಬೇಡಿ. ಹೊರದೇಶಕ್ಕೆ ಕಳಿಸುವಾಗ ಅಲ್ಲಿಯ ನಿಯಮ ಬೇರೆ, ನಮ್ಮ ವಿನಾಯಿತಿ ಅಲ್ಲಿ ನಡೆಯಲ್ಲ. ಮನೆಯಲ್ಲೇ ಮಾಡೋ ಒಂದು ಪರೀಕ್ಷೆ ಹೇಳ್ತೀನಿ. 31.7 ಮಿ.ಮೀ. ಒಳವ್ಯಾಸದ, ಅಂದರೆ ಒಳಗೆ ಅಡ್ಡಕ್ಕೆ ಅಷ್ಟು ಅಗಲದ ಕೊಳವೆ, ತಳ ಓರೆ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಿಂದ ಕಳಚಿಬರೋ ಯಾವ ಭಾಗವೂ ಇದರೊಳಗೆ ಪೂರ್ತಿ ಇಳಿಯಬಾರದು, ಇಳಿದರೆ ಮಗುವಿನ ಗಂಟಲಲ್ಲೂ ಸಿಕ್ಕಿಕೊಳ್ಳತ್ತೆ ಅನ್ನೋದು ಲೆಕ್ಕ. ಆ ಕೊಳವೇನ ಆಲೆ ಮರದಲ್ಲಿ ನಿಮ್ಮಷ್ಟು ಚೆನ್ನಾಗಿ ಇನ್ಯಾರು ಕಡೀತಾರೆ? ಒಂದು ಮಾಡಿಟ್ಟುಕೊಳ್ಳಿ. ನಿಮ್ಮ ಗಾಡಿಯ ಚಕ್ರ ಎಳೆದು ತೆಗೆದು ಹಾಕಿ ನೋಡಿ. ಒಳಗೆ ಹೋದರೆ ಚಕ್ರ ದೊಡ್ಡದು ಮಾಡಬೇಕು, ಇಲ್ಲವೇ ಕಳಚದ ಹಾಗೆ ಕೂರಿಸಬೇಕು.

ಪ್ರಶ್ನೆ (ಕಿನ್ನಾಳ, ಕೊಪ್ಪಳ ಜಿಲ್ಲೆ): ಮೇಡಂರ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳತೇನಿ. ನಮ್ಮ ಹಿರ್ಯಾರ ಕಾಲದಿಂದ ಹಗುರ ಕಟಿಗಿ ಕೆತ್ತಿ, ಹುಣಸಿ ಬೀಜದ ಅಂಟಿನಾಗ ಜೋಡಿಸಿ ಗೊಂಬಿ ಮಾಡಕೋತ ಬಂದೇವ್ರಿ. ಕಾಲೇಜ ಮುಗಿಸಿದ ಹುಡುಗಿ ಬಂದು ನಮಗ ಡಿಸೈನ ಕಲಸ್ತಾಳಂದ್ರ ಏನ ಕಲಸ್ತಾಳ್ರಿ? ಹಿಂದ ಒಬ್ರು ಬಂದಿದ್ರು, ಫೋಟೊ ತಗೊಂಡ್ರು, ಹೋದ್ರು. ಆಮ್ಯಾಲೆ ನಮ್ಮ ಗೊಂಬಿ ಎಲ್ಲೋ ಅವ್ರ ಹೆಸರಿನಾಗ ಮಾರಾಟಕ್ಕ ಬಂತು.

ಉತ್ತರ: ಸಿಟ್ಟು ಯಾಕ್ರೀ ಹಿರಿಯರೇ, ನಾನೂ ಒಂದು ಕಾಲಕ್ಕೆ ಅದೇ ಹುಡುಗಿ. ನಿಮ್ಮ ಮಾತಲ್ಲಿ ಎರಡು ವಿಷಯ ಇದೆ.

ಕಲಿಸೋದು ಏನು ಅಂತ ಕೇಳಿದ್ರಿ. ಮರ, ಕಿಟ್ಟ, ಬಣ್ಣದ ವಿಷಯದಲ್ಲಿ ಏನೂ ಇಲ್ಲ. ಗೋಣಿ ನಾರು, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಆ ಕಿಟ್ಟದಿಂದ ಮೈ ತುಂಬಿದ ಗೊಂಬೆ ಒಣಗೋಕೆ ತನ್ನ ಹೊತ್ತು ತಗೊಳ್ಳತ್ತೆ ಅನ್ನೋದನ್ನೇ ಅರಿಯದೆ "ಹದಿನೈದು ದಿನಕ್ಕೆ ನೂರು ಪೀಸ್" ಅನ್ನೋ ಡಿಸೈನರ್ ನಿಮ್ಮಿಂದಲೇ ಕಲಿಯಬೇಕು. ಆದರೆ ಬೆಂಗಳೂರಿನ ಫ್ಲಾಟಿನ ಗೋಡೆ ಕಪಾಟಿನ ಆಳ ಎಷ್ಟು, ಅಲ್ಲಿ ಎಷ್ಟೆತ್ತರದ ಗೊಂಬೆ ನಿಲ್ಲತ್ತೆ, ಕೊರಿಯರ್ ಡಬ್ಬಿಯಲ್ಲಿ ಕೈ ಮುರಿಯದ ಹಾಗೆ ಗೊಂಬೆಯ ತೋಳನ್ನ ಮೈಗೆ ಎಷ್ಟು ಹತ್ತಿರ ತರಬೇಕು, ಇದು ಆಕೆಗೆ ಗೊತ್ತಿರತ್ತೆ. ಅಷ್ಟಕ್ಕೆ ಆಕೆ ಬೇಕು. ನಿಮ್ಮ ಹಲಗೆ ಪಕ್ಕ ಕೂತು ಕೆಲಸ ನೋಡದೆ, ಬರೀ ಹೋಟೆಲ್ ಹಾಲಿನಲ್ಲಿ ಸ್ಲೈಡ್ ತೋರಿಸೋ ವರ್ಕ್‌ಶಾಪ್ ಆದರೆ ಹೋಗದಿದ್ದರೂ ನಷ್ಟ ಇಲ್ಲ.

ಫೋಟೊ ವಿಷಯ ಇನ್ನೂ ಮುಖ್ಯ. ವರ್ಕ್‌ಶಾಪ್ ಶುರುವಾಗೋ ಮೊದಲೇ ಒಂದು ಹಾಳೆ ಬರೆಸಿಕೊಳ್ಳಿ: ಇಲ್ಲಿ ಹುಟ್ಟಿದ ಮಾದರಿ ಯಾರದು, ಬೇರೆಯವರಿಂದ ಮಾಡಿಸಬಹುದಾ, ಮಾದರಿ ಮಾಡಿದ ದಿನಕ್ಕೆ ದುಡ್ಡು ಎಷ್ಟು, ಫೋಟೊ ಕೆಳಗೆ ಯಾರ ಹೆಸರು ಬರತ್ತೆ. ಕನ್ನಡದಲ್ಲೇ ಬರೆಯಿರಿ, ಎರಡೂ ಕಡೆಯವರು ಸಹಿ ಹಾಕಲಿ. ಒಪ್ಪದವರಿಗೆ ಮಾದರಿ ಕೊಡಬೇಡಿ.

ಗುಜರಾತಿನ ಕಚ್ಛಿನಲ್ಲಿ ಬೇರೆ ಥರ ಮಾಡಿದ್ದಾರೆ, ಹೇಳಲೇಬೇಕು. ಅಲ್ಲಿ 2005ರಲ್ಲಿ ಕಲಾ ರಕ್ಷಾ ವಿದ್ಯಾಲಯ, ಆಮೇಲೆ 2014ರಲ್ಲಿ ಸೋಮಯ್ಯ ಕಲಾ ವಿದ್ಯಾ ಅಂತ, ನೇಕಾರರಿಗೆ, ಬ್ಲಾಕ್ ಪ್ರಿಂಟ್ ಮಾಡೋರಿಗೆ, ಕಸೂತಿ ಹೆಣ್ಣುಮಕ್ಕಳಿಗೆ ಅಂತಲೇ ಡಿಸೈನ್ ಶಾಲೆ ಶುರುವಾಯ್ತು. ಒಂದೇ ಸಲ ವರ್ಷಗಟ್ಟಲೆ ಕೂರಿಸಲ್ಲ. ಎರಡೆರಡು ವಾರದ ಪಾಠ, ನಡುವೆ ಊರಿಗೆ ಹೋಗಿ ತಮ್ಮ ಮಗ್ಗದಲ್ಲೇ ಹೋಂವರ್ಕ್. ಆರ್ಡರೂ ಕೆಡಲ್ಲ, ಕಲಿತದ್ದನ್ನ ಮನೇಲೇ ಮಾಡಿ ನೋಡೋಕೂ ಆಗತ್ತೆ. ಡಿಸೈನರ್ ಕಾಗದ ಕೊಟ್ಟು ಕುಶಲಕರ್ಮಿ ಕೈ ಆಡಿಸೋದಲ್ಲ, ಕುಶಲಕರ್ಮಿಯೇ ಡಿಸೈನರ್ ಆಗೋದು ಅಲ್ಲಿಯ ಲೆಕ್ಕ. ನಿಮ್ಮೂರಿಗೆ ತರಬೇತಿ ತರ್ತೀವಿ ಅಂತ ಯಾರೇ ಬಂದರೂ "ಎರಡು ವಾರ ಕಲಿಸಿ, ಒಂದು ತಿಂಗಳು ಬಿಡಿ, ಮತ್ತೆ ಬನ್ನಿ" ಅಂತ ಕೇಳಿ ನೋಡ್ರಿ.

ಪ್ರಶ್ನೆ (ಧಾರವಾಡ, ಕಸೂತಿ): ನಮಸ್ಕಾರ್ರಿ ಮೇಡಂ. ನಾವು ಓಣ್ಯಾಗಿನ ಐದಾರು ಮಂದಿ ಕೂಡಿ ಸೀರಿಗೆ ಕಸೂತಿ ಹಾಕ್ತೇವ್ರಿ. ಅಂಗಡ್ಯಾರು ಸೀರಿ ಲೆಕ್ಕದಾಗ ರೊಕ್ಕ ಕೊಡ್ತಾರ. ವಿಶ್ವಕರ್ಮದಾಗ ನಾವು ಬರ್ತೇವೇನ್ರಿ? ನಮಗ ಹೊಸದು ಏನ ಕಲೀಬೇಕು?

ಉತ್ತರ: ಅಕ್ಕಾ, ಆ 18ರ ಪಟ್ಟಿಯಲ್ಲಿ ದರ್ಜಿ ಇದೆ, ಕಸೂತಿ ಅಂತ ಬೇರೆ ಇಲ್ಲ. ನಿಜವಾಗಿ ಹೊಲಿಗೆ ಕೆಲಸ ಮಾಡ್ತಿದ್ದರೆ ಮಾತ್ರ ಅದರಲ್ಲಿ ಅರ್ಜಿ ಹಾಕಿ. ಪೆಹಚಾನ್ ಕಾರ್ಡ್ ಕಸೂತಿಯವರಿಗೆ ಸಿಗತ್ತೆ, ಐದಾರು ಮಂದಿಯೂ ಬೇರೆ ಬೇರೆ ಮಾಡಿಸಿ. ಅಂಗಡಿಯವರ ಹೆಸರಲ್ಲಿ ಅಲ್ಲ.

ಕಲಿಯಬೇಕಾದದ್ದು ಗಡಿಯಾರ ನೋಡೋದು. ಒಂದು ಗೋಪುರದ ಚಿತ್ತಾರ ಹಾಕೋಕೆ ಕೂತಾಗ ಹೊತ್ತು ಬರೆದಿಡಿ, ಎದ್ದಾಗ ಬರೆದಿಡಿ. ಸೀರೆಗೆ ಎಷ್ಟು ಗೋಪುರ, ಎಷ್ಟು ತೇರು, ಒಟ್ಟು ಎಷ್ಟು ತಾಸು? ಸಿಕ್ಕ ರೊಕ್ಕವನ್ನ ಆ ತಾಸಿಗೆ ಭಾಗಿಸಿ. ಬರೋ ಅಂಕಿ ನೋಡಿ ಮನಸ್ಸಿಗೆ ಕಷ್ಟ ಆಗಬಹುದು, ಆದರೆ ಅದು ಕೈಯಲ್ಲಿಲ್ಲದೆ ಅಂಗಡಿಯವರ ಜೊತೆ ಚೌಕಾಸಿ ಮಾಡೋಕೆ ಬರಲ್ಲ. ಇಂಥ ಲೆಕ್ಕ, ಬ್ಯಾಂಕ್ ವ್ಯವಹಾರ, ಮಾರುಕಟ್ಟೆ ವಿಚಾರಿಸೋದನ್ನ ಚೆನ್ನಾಗಿ ಕಲಿಸೋದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ನೋಡಿಯೇ ದೇಶದ ಉಳಿದ ಕಡೆ ಇವನ್ನ ಕಟ್ಟಿದ್ದು. ಊಟ, ವಸತಿ, ತರಬೇತಿ ಎಲ್ಲಾ ಉಚಿತ. ಕಸೂತಿ ಕಲಿಯೋಕೆ ಅಲ್ಲಿಗೆ ಹೋಗಬೇಡಿ, ವ್ಯಾಪಾರ ಕಲಿಯೋಕೆ ಹೋಗಿ.

ಇನ್ನೊಂದು: ಮೇಳದಲ್ಲಿ ಕೂತಾಗ ಸೀರೆಯನ್ನ ತಿರುವಿ ಹಿಂಬದಿ ತೋರಿಸಿ. ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿ ಒಂದೇ ಥರ ಇರತ್ತೆ, ಗಂಟು ಇರಲ್ಲ. ಕೊಳ್ಳೋರ ಕೈಗೆ ಬಟ್ಟೆ ಕೊಟ್ಟು "ಮುಖ ಯಾವುದು, ಬೆನ್ನು ಯಾವುದು ಹೇಳ್ರಿ" ಅಂತ ಕೇಳಿ. ಮಷಿನ್ ಕಸೂತಿಗೂ ನಿಮ್ಮದಕ್ಕೂ ಬೆಲೆ ಯಾಕೆ ಬೇರೆ ಅಂತ ಆಮೇಲೆ ಭಾಷಣ ಮಾಡೋದೇ ಬೇಡ.

ಧಾರವಾಡದವರು: ಕಾಲೇಜಿನ್ಯಾರು ಬಂದು ನಮ್ಮ ಹುಡುಗ್ಯಾರಿಗೆ ಎರಡ ದಿನ ಕಲಿಸಿ ಕೊಡ್ರಿ ಅಂತಾರ್ರಿ. ಶಾಲು, ಹಣ್ಣು ಕೊಟ್ಟು ಕಳಸ್ತಾರ.

ಉತ್ತರ: ಶಾಲು ತಗೊಳ್ಳಿ, ಹೋಗೋ ಮೊದಲು ಗೌರವಧನ ಎಷ್ಟು ಅಂತಲೂ ಕೇಳಿ. ಕಾಲೇಜಿಗೆ ಬರೋ ಉಳಿದ ಅತಿಥಿ ಉಪನ್ಯಾಸಕರಿಗೆ ಎಷ್ಟು ಕೊಡ್ತಾರೋ ಅಷ್ಟು ನಿಮಗೂ ಸಲ್ಲಬೇಕು. ಕಲಿಸೋದೂ ನಿಮ್ಮ ಕಸುಬಿನ ಮುಂದಿನ ಮೆಟ್ಟಿಲೇ. ಕೇಂದ್ರದ ಗುರು ಶಿಷ್ಯ ಹಸ್ತಶಿಲ್ಪ ತರಬೇತಿ ಯೋಜನೆ ಇರೋದೇ ಅದಕ್ಕೆ, ಅನುಭವಿ ಕುಶಲಕರ್ಮಿ ಗುರುವಾಗಿ ಹೊಸಬರಿಗೆ ಕಲಿಸೋಕೆ.

ಪ್ರಶ್ನೆ (ಸಾಗರ, ಮರದ ಕೆತ್ತನೆ): ಮೇಡಂ, ಮಗ ಪಿಯುಸಿ ಮುಗಿಸಿದ್ದಾನೆ. ಕೆತ್ತನೆ ಇಷ್ಟ, ಆದರೆ ನನ್ನ ಹತ್ತಿರ ಕಲಿಯಲ್ಲ. ನಾನು ಬೈತೀನಿ ಅಂತಾನೆ. ಎಲ್ಲಿಗೆ ಕಳಿಸಲಿ?

ಉತ್ತರ: ಅಪ್ಪನ ಹತ್ತಿರ ಕಲಿಯಲ್ಲ ಅನ್ನೋದು ಕೆತ್ತನೆಯವರ ಮನೆಯಲ್ಲೆಲ್ಲಾ ಇರೋದೇ, ಬೇಜಾರು ಮಾಡ್ಕೋಬೇಡಿ. ಕಾರ್ಕಳದ ಹತ್ತಿರ ಮಿಯಾರಿನಲ್ಲಿ ಕೆನರಾ ಬ್ಯಾಂಕ್ ಬೆಂಬಲದ ಸಿ.ಇ. ಕಾಮತ್ ಕುಶಲಕರ್ಮಿ ಸಂಸ್ಥೆ ಇದೆ. ಕಲ್ಲು, ಮರ, ಲೋಹದ ಶಿಲ್ಪ, 18 ತಿಂಗಳು ಅಲ್ಲೇ ಇದ್ದು ಉಚಿತವಾಗಿ ಕಲಿಯೋದು. ಪ್ರತಿಮಾ ಲಕ್ಷಣ, ತಾಳಮಾನ (ಮೂರ್ತಿಯ ಅಂಗಾಂಗಗಳ ಅಳತೆಯ ಕ್ರಮ), ರೇಖಾಚಿತ್ರ ಎಲ್ಲಾ ಕ್ರಮವಾಗಿ ಕಲೀತಾನೆ. ನಿಮ್ಮ ಹತ್ತಿರ ಕೈ ಬರತ್ತೆ, ಅಲ್ಲಿ ಲೆಕ್ಕ ಬರತ್ತೆ. ಡಿಗ್ರಿ ಬೇಕು ಅಂತಿದ್ದರೆ ಮೈಸೂರಿನ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ. ಅಲ್ಲಿ ದಾರಿ ಬೇರೆ, ಗ್ಯಾಲರಿ ಕಡೆಗೆ ತಿರುಗೋ ಹುಡುಗರೂ ಇರ್ತಾರೆ. ಮಗನನ್ನ ಎರಡೂ ಕಡೆ ಕರಕೊಂಡು ಹೋಗಿ, ಹಾಸ್ಟೆಲ್ ಹುಡುಗರ ಜೊತೆ ಅವನನ್ನೇ ಮಾತಾಡೋಕೆ ಬಿಡಿ. ನೀವು ಸ್ವಲ್ಪ ಹೊರಗೆ ಕಾಫಿ ಕುಡೀತಿರಿ.

ಪ್ರಶ್ನೆ (ಬೀದರ್): ಮೇಡಂ ಸರ್ಟಿಫಿಕೇಟ್ ಕೋರ್ಸಿನಿಂದ ಬಿದ್ರಿ ಕೆಲಸಕ್ಕೆ ರೇಟ್ ಜಾಸ್ತಿ ಸಿಗುತ್ತದಾ?

ಉತ್ತರ: ಅಂಗಡಿಯಲ್ಲಿ ಸಿಗಲ್ಲ. ಸರ್ಟಿಫಿಕೇಟ್ ಕೆಲಸಕ್ಕೆ ಬರೋದು ಬ್ಯಾಂಕು, ಟೆಂಡರು, ಮೇಳದ ಅರ್ಜಿ, ಯಾವುದಾದರೂ ಸಂಸ್ಥೆಯಲ್ಲಿ ಬೋಧಕರ ಕೆಲಸ, ಇಷ್ಟಕ್ಕೇ. ನಿಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಬಿದ್ರಿ ಕೆಲಸಕ್ಕೆ, ಕೋರ್ಸಿಗಲ್ಲ. ಆದರೂ ಮೊದಲೇ ಬಲ್ಲ ಕೆಲಸವನ್ನ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋ ಆರ್‌ಪಿಎಲ್ ಅಂತ ಇದೆ. ನಿಮ್ಮ ಹತ್ತಿರ ಬಂದರೆ ಹೋಗಿ ತಗೊಳ್ಳಿ. ಅದಕ್ಕೂ ದುಡ್ಡು ಕೇಳಿದರೆ ಈ ಗುಂಪಿನಲ್ಲಿ ಹಾಕಿ, ನೋಡೋಣ.