ಈ ವಾರದ ಸಮಸ್ಯೆ: ಬೆಕ್ಕು ಬೇಯಿಸಿತನ್ನವನು ಮನೆಮಂದಿಗೆಲ್ಲರಿಗೂ

ಸ್ನೇಹಿತರೇ, ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದು ಕೂತಿದೆ. ಕರೆಂಟು ಬಂದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಬಂದರೆ ಫೋನಲ್ಲಿ ಚಾರ್ಜ್ ಇಲ್ಲ, ಹಗ್ಗದ ಮೇಲಿನ ಬಟ್ಟೆ ಒಣಗುವ ಮಾತಂತೂ ಬಿಡಿ. ಹಾಗಾಗಿ ಈ ಸಲ ಚಂದ್ರ, ತಾವರೆ, ವಿರಹ ಯಾವುದೂ ಬೇಡ. ಮನೆಯೊಳಗಿನ ಪಜೀತಿಗಳನ್ನೇ ಪದ್ಯ ಮಾಡೋಣ. ಸಾಲು ಇದು:

ಬೆಕ್ಕು ಬೇಯಿಸಿತನ್ನವನು ಮನೆಮಂದಿಗೆಲ್ಲರಿಗೂ

ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಪದ್ಯದ ಕೊನೆಯ ಸಾಲು. ಮೇಲಿನ ಐದು ಸಾಲು ಬರೆದು ಇದಕ್ಕೆ ಅರ್ಥ ಬರಿಸುವುದು ನಿಮ್ಮದು, ಸಮಸ್ಯೆ ಬಿಡಿಸುವುದು ಅಂದರೆ ಇದೇ. ಹೊಸಬರಿಗೆ ಲೆಕ್ಕ ಹೇಳಿಬಿಡುತ್ತೇನೆ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ. ಮಾತ್ರೆಗಳ ಒಂದೊಂದು ಗುಂಪು ಒಂದು ಗಣ: 1, 2, 4, 5ನೇ ಸಾಲಿಗೆ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ 3+4+3+4+3+4, ಕೊನೆಗೊಂದು ಗುರು, ಅಂದರೆ 23. ಒಟ್ಟು 102. ಆರೂ ಸಾಲಿನ ಎರಡನೇ ಅಕ್ಷರ ‘ಕ್ಕ’ದ ಬಳಗದ್ದೇ ಇರಬೇಕು, ಅದರ ಹಿಂದೆ ಹ್ರಸ್ವವೇ ಬರಬೇಕು, ಇದೇ ಪ್ರಾಸ. ಅಕ್ಕ, ಪಕ್ಕ, ನಕ್ಕು, ಸಿಕ್ಕಿ, ಮಿಕ್ಕ... ಬೇಕಾದಷ್ಟಿವೆ. ಕುಮಾರವ್ಯಾಸ ಹತ್ತು ಪರ್ವಗಳ ಭಾರತವನ್ನೇ ಈ ಛಂದಸ್ಸಿನಲ್ಲಿ ಹಾಡಿದ್ದಾನೆ, ಯುದ್ಧಕ್ಕೂ ಸೈ, ಮನೆಯ ಜಗಳಕ್ಕೂ ಸೈ. ನಮ್ಮ ಕುಕ್ಕರು, ಸಿಲಿಂಡರು ಇದರಲ್ಲಿ ಕೂರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಒಂದೇ ಒಂದು ನಿಯಮ. ಕನಸು ಬೇಡ. ‘ಹೀಗಂತ ಅಜ್ಜಿ ಕಥೆ ಹೇಳಿದಳು’ ಅಂತಲೂ ಬೇಡ. ಕುಡಿದವನ ಕಣ್ಣಿಗೆ ಹಾಗೆ ಕಂಡಿತು ಅನ್ನುವುದಂತೂ ಬೇಡವೇ ಬೇಡ. ಹಾಗೆ ಬಿಡಿಸಿದರೆ ಯಾವ ಸಮಸ್ಯೆಯನ್ನಾದರೂ ಬಿಡಿಸಬಹುದು, ಅಲ್ವಾ? ಅಷ್ಟಾವಧಾನ, ಅಂದರೆ ಒಬ್ಬ ಕವಿ ಎಂಟು ಜನರ ಸವಾಲುಗಳಿಗೆ ಒಟ್ಟಿಗೇ ಉತ್ತರಿಸುವ ಆಟ ನೋಡಿದವರಿಗೆ ಗೊತ್ತು, ಸವಾಲು ಹಾಕುವ ಪೃಚ್ಛಕರು ಎಂಥ ಅಸಂಬದ್ಧ ಸಾಲು ಕೊಟ್ಟರೂ ಅವಧಾನಿಗಳು ಅದು ನಿಜವಾಗಿಯೂ ನಡೆಯಬಹುದು ಅನ್ನಿಸುವ ಹಾಗೆ ಮಾಡುತ್ತಾರೆ. ಬೆಕ್ಕು ಅನ್ನ ಮಾಡಿದ್ದು ನಿಜ ಅಂತ ನಾವು ನಂಬಬೇಕು. ಅದಕ್ಕೆ ಕಾರಣ ನಿಮ್ಮ ಅಡುಗೆಮನೆಯಲ್ಲೇ ಸಿಗಬೇಕು. ಬಂದ ಪದ್ಯಗಳು ಕೆಳಗಿವೆ, ನಡುವೆ ಹೆಸರಿಲ್ಲದೆ ಬರುವ ಮಾತುಗಳು ನನ್ನವು.

ಹಾಸನದಕ್ಕ:
ನಮ್ಮನೆಯಲ್ಲಿ ಬೆಕ್ಕು ಇದೆ, ಅಟ್ಟ ಇದೆ, ಕರೆಂಟಿನ ಅನ್ನದ ಕುಕ್ಕರೂ ಇದೆ. ಬೇರೆ ಏನು ಬೇಕು?

ಅಕ್ಕಿ ತೊಳೆದಿಟ್ಟಮ್ಮ ಹರಟೆಗೆ
ಪಕ್ಕದವರಂಗಳಕೆ ಹೋದಳು
ಕುಕ್ಕರಿನ ಗುಂಡಿಯನು ಒತ್ತುವುದನ್ನೆ ಮರೆತಿರಲು
ಸಿಕ್ಕಿತಿಲಿ ಎಂದಟ್ಟದಿಂದಲಿ
ಚಕ್ಕನೆಗರುತ ಗುಂಡಿ ತುಳಿಯಲು
ಬೆಕ್ಕು ಬೇಯಿಸಿತನ್ನವನು ಮನೆಮಂದಿಗೆಲ್ಲರಿಗೂ

ಕಡೂರು ಮೇಷ್ಟ್ರು:
ಪದ್ಯ ಚೆನ್ನಾಗಿದೆ ತಾಯಿ. ಆದರೆ ಒಂದು ಅನುಮಾನ. ಅಮ್ಮ ಹರಟೆಗೆ ಕೂತರೆ ಬೇಗ ಏಳುವುದಿಲ್ಲ, ಬೆಕ್ಕಿಗೆ ಆರಿಸಲು ಬರುವುದಿಲ್ಲ. ಅನ್ನ ಸೀದು ಹೋಗಲ್ವಾ? ಸೀದ ಅನ್ನವನ್ನು ಮನೆಮಂದಿಗೆಲ್ಲ ಹೇಗೆ ಬಡಿಸುವುದು?

ಮೂಡಿಗೆರೆ ತಮ್ಮ:
ಸೀಯಲ್ಲ ಮೇಷ್ಟ್ರೇ. ಆ ಕುಕ್ಕರಿನ ತಳದಲ್ಲಿ ಒಂದು ಆಯಸ್ಕಾಂತ ಇರುತ್ತದೆ, ಒತ್ತಿದ ಗುಂಡಿಯನ್ನು ಹಿಡಿದುಕೊಳ್ಳುವುದು ಅದೇ. ಪಾತ್ರೆಯಲ್ಲಿ ನೀರು ಇರುವ ತನಕ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ನೀರು ಇಂಗಿದ ಮೇಲೆ ಬಿಸಿ ಅದನ್ನು ದಾಟುತ್ತದೆ, ಆಗ ಆಯಸ್ಕಾಂತದ ಹಿಡಿತ ಸಡಿಲ ಆಗಿ ಗುಂಡಿ ತಾನೇ ಮೇಲೆ ಏಳುತ್ತದೆ. ಬೆಕ್ಕು ಒತ್ತಿದರೆ ಸಾಕು, ಆರಿಸಬೇಕಾಗಿಲ್ಲ.

ಕಡೂರು ಮೇಷ್ಟ್ರು:
ಹಾಗಾದರೆ ನನ್ನ ಆಕ್ಷೇಪಣೆ ವಾಪಸ್. ಊಟಕ್ಕೆ ಎಲೆ ಹಾಕಿ.

ತಮ್ಮ ಹೇಳಿದ್ದರಿಂದ ಪದ್ಯಕ್ಕೆ ಇನ್ನೂ ಬಲ ಬಂತು. ಅಕ್ಕ ಬರೆಯುವಾಗ ಆಯಸ್ಕಾಂತದ ಯೋಚನೆ ಮಾಡಿದ್ದರೋ ಇಲ್ಲವೋ, ದಿನಾ ಬಳಸುವ ಪಾತ್ರೆಯ ಸ್ವಭಾವ ಕೈಗೆ ಗೊತ್ತಿರುತ್ತದೆ, ಅದು ಪದ್ಯಕ್ಕೂ ಇಳಿಯುತ್ತದೆ. ‘ಗುಂಡಿ’ ಅನ್ನುವ ಮಾತು ಎಷ್ಟು ಹಗುರವಾಗಿ ಮೂರು ಮಾತ್ರೆಯಲ್ಲಿ ಕೂತಿದೆ ನೋಡಿ. ಅಲ್ಲಿ ‘ಸ್ವಿಚ್ಚು’ ಹಾಕಿದ್ದರೆ ಒತ್ತಕ್ಷರದಿಂದ ಹಿಂದಿನ ಅಕ್ಷರವೂ ಗುರುವಾಗಿ ಲೆಕ್ಕ ಕೆಡುತ್ತಿತ್ತು.

ಬೇಲೂರಿನಿಂದ:
ನಮ್ಮದು ನಾಲ್ಕು ಕಾಲಿನ ಬೆಕ್ಕಲ್ಲ.

ಚಿಕ್ಕ ತಮ್ಮನು ಕದ್ದು ಕೆನೆಯನು
ನೆಕ್ಕಿ ನೆಕ್ಕಿಯೆ ಪಡೆದ ಹೆಸರದು
ಬೆಕ್ಕು ಬೆಕ್ಕೆನ್ನುತ್ತ ಕರೆವೆವು ಮನೆಯ ಜನರೆಲ್ಲ
ಅಕ್ಕನೂರಿಗೆ ಹೋದಳಮ್ಮನು
ದಿಕ್ಕು ತೋಚದೆ ಕೂತ ದಿನವೀ
ಬೆಕ್ಕು ಬೇಯಿಸಿತನ್ನವನು ಮನೆಮಂದಿಗೆಲ್ಲರಿಗೂ

ಹಾಸನದಕ್ಕ:
ನಿಮ್ಮ ತಮ್ಮನಿಗೆ ಈ ಪದ್ಯ ತೋರಿಸಿದಿರಾ?

ಬೇಲೂರಿನಿಂದ:
ತೋರಿಸಿದೆ. ‘ಅನ್ನ ಮಾಡಿದ್ದು ಬರೆದೆ, ಸಾರು ಮಾಡಿದ್ದು ಬಿಟ್ಟೆ’ ಅಂತ ಜಗಳ ತೆಗೆದಿದ್ದಾನೆ.

ಅಡ್ಡಹೆಸರಿನ ದಾರಿ ಹಳೆಯದು, ಆದರೂ ಇಲ್ಲಿ ಹೊಂದಿದೆ. ಆ ಹೆಸರು ಯಾಕೆ ಬಂತು ಅಂತ ಮೊದಲ ಎರಡು ಸಾಲಲ್ಲೇ ಕಾರಣ ಇದೆಯಲ್ಲ, ಅದಕ್ಕೆ. ಕೆನೆ ಕದಿಯುವ ತಮ್ಮ ಯಾರ ಮನೆಯಲ್ಲಿ ಇಲ್ಲ ಹೇಳಿ.

ಮೂಡಿಗೆರೆ ತಮ್ಮ:
ಷಟ್ಪದಿಗೆ ನಾನು ಹೊಸಬ. ನೆಂಟರು ಬಂದ ದಿನವೇ ಗ್ಯಾಸ್ ಮುಗಿಯುವ ಸಂಕಟ ಬರೆದಿದ್ದೇನೆ. ತಿದ್ದಿಕೊಡಿ.

ಅಕ್ಕ ಬಂದಳು ಭಾವ ಬಂದರು
ಹಾಕಿ ಅಕ್ಕಿಯ ಒಲೆಯ ಹಚ್ಚಲು
ಠಕ್ಕು ಮಾಡಿ ಸಿಲಿಂಡರಾಗಲೆ ಮುಗಿದುಹೋಗಿರಲು
ಪಕ್ಕದತ್ತೆಯ ಮನೆಗೆ ಓಡಿತು
ನಕ್ಕು ಬಂದಳು ಕುಕ್ಕರೆತ್ತುತ
ಬೆಕ್ಕು ಬೇಯಿಸಿತನ್ನವನು ಮನೆಮಂದಿಗೆಲ್ಲರಿಗೂ

ತಮ್ಮಾ, ಮೊದಲು ಸಂತೋಷದ ಮಾತು. ‘ಮಾಡಿ ಸಿಲಿಂಡರಾಗಲೆ’ ಜೋರಾಗಿ ಓದಿ ನೋಡು. ಠಕ್ಕು | ಮಾಡಿಸಿ | ಲಿಂಡ | ರಾಗಲೆ. ‘ಸಿಲಿಂಡರು’ ಒರಟು ಪದ, ಲಘು ಆದ ಕೂಡಲೇ ಗುರು ಬರುವುದರಿಂದ ಗಣದ ಮೊದಲಿಗೆ ಇಟ್ಟರೆ ಎಡವುತ್ತದೆ. ನೀನು ‘ಸಿ’ಯನ್ನು ಹಿಂದಿನ ಗಣಕ್ಕೆ ಕೊಟ್ಟು ‘ಲಿಂ’ನಿಂದ ಹೊಸ ಗಣ ಎತ್ತಿದ್ದೀಯ. ಹೊಸಬರಿಗೆ ಇದು ಸುಮ್ನೆ ಬರುವುದಿಲ್ಲ, ಕಿವಿ ಇರಬೇಕು.

ಇನ್ನು ತಿದ್ದುಪಡಿ. ಎರಡನೇ ಸಾಲಿನ ‘ಹಾಕಿ’ ಮಾತ್ರೆಗೆ ಸರಿ, ಪ್ರಾಸಕ್ಕೆ ಸರಿಯಿಲ್ಲ. ದೀರ್ಘ ಬಂತು, ‘ಕ್ಕ’ ಹೋಯಿತು. ‘ಇಕ್ಕಿ ಅಕ್ಕಿಯ’ ಅಂತ ಮಾಡಿದರೆ ಮುಗಿಯಿತು. ದೊಡ್ಡ ತೊಡಕು ಇರುವುದು ಬಿಡಿಸಿದ ರೀತಿಯಲ್ಲಿ. ಅನ್ನ ಬೇಯಿಸಿದ್ದು ಪಕ್ಕದ ಮನೆಯ ಅತ್ತೆ. ಬೆಕ್ಕು ಹೋಗಿ ಕರೆದಿದ್ದಷ್ಟೇ. ಸಮಸ್ಯೆಯಲ್ಲಿ ಕೆಲಸ ಯಾರ ಹೆಸರಲ್ಲಿದೆಯೋ ಅವರೇ ಮಾಡಬೇಕು, ಇಲ್ಲದಿದ್ದರೆ ಓದುಗರಿಗೆ ಮೋಸ ಆದ ಹಾಗೆ ಅನ್ನಿಸುತ್ತದೆ.

ಕೊಪ್ಪದಮ್ಮ:
ಅಯ್ಯೋ, ಮಗುವನ್ನು ಬಿಡಿ. ಗ್ಯಾಸ್ ಮುಗಿದ ಹೊತ್ತಲ್ಲಿ ಕುಕ್ಕರ್ ಹಿಡಿದು ಬರುವ ನೆರೆಯವಳು ಇದ್ದಾಳಲ್ಲ, ಅದು ದೊಡ್ಡದು. ನನ್ನದು ಸೌದೆ ಒಲೆ. ಹಂಡೆ ಕಾಯಿಸುವುದಕ್ಕೂ ಅದೇ, ಅನ್ನಕ್ಕೂ ಅದೇ. ಊರ ಹೆಸರು ಕೊಪ್ಪ ಅಂತಲೇ ಹಾಕೋಣ ಅಂದರೆ ಪ್ರಾಸ ಬಿಡಲಿಲ್ಲ, ಜಿಲ್ಲೆಯ ಹೆಸರು ಹಾಕಿದೆ.

ಚಿಕ್ಕಮಗಳೂರಿನಲಿ ಮಳೆಯಿದು
ಉಕ್ಕಿ ಸುರಿಯಲು ಸೌದೆಯೆಲ್ಲವು
ಬಿಕ್ಕಿ ಬಿಕ್ಕುತ ಹೊಗೆಯ ಕಾರಿತು ಉರಿಯ ಕಾಣಿಸದೆ
ಪಕ್ಕದಲ್ಲಿಯೆ ಮಲಗಿ ಮೈಮುರಿ
ದಿಕ್ಕಿತೊಳಗಡೆ ಕೊಳ್ಳಿಯೊಂದನು
ಬೆಕ್ಕು ಬೇಯಿಸಿತನ್ನವನು ಮನೆಮಂದಿಗೆಲ್ಲರಿಗೂ

ಈ ವಾರದ ಪದ್ಯ ಇದೇ, ನನಗೆ ಅನುಮಾನವೇ ಇಲ್ಲ. ಮಳೆಗಾಲದಲ್ಲಿ ಮಲೆನಾಡಿನ ಬೆಕ್ಕು ಒಲೆಯ ಪಕ್ಕ ಬಿಟ್ಟು ಬೇರೆಲ್ಲಿ ಮಲಗುತ್ತದೆ? ಮಲಗಿದ್ದು ಮೈಮುರಿದಾಗ ಕಾಲು ತಾಗಿ ಕೊಳ್ಳಿ ಒಳಗೆ ಸರಿಯಿತು, ಸರಿದದ್ದಕ್ಕೆ ಉರಿ ಹತ್ತಿತು. ಬೆಕ್ಕು ಹೊಸದಾಗಿ ಏನೂ ಮಾಡಿಲ್ಲ, ದಿನಾ ಮಾಡುವುದನ್ನೇ ಮಾಡಿದೆ, ಆದರೂ ಅನ್ನ ಬೆಂದಿದೆ. ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಬರಿಸಿಕೊಂಡವರಿಗೆ ಮೂರನೇ ಸಾಲಿನ ‘ಬಿಕ್ಕಿ ಬಿಕ್ಕುತ’ ಎಷ್ಟು ನಿಜ ಅಂತ ಗೊತ್ತಾಗುತ್ತದೆ. ಅಮ್ಮ, ಸೌದೆಗೆ ಹಾಕಿದ ಆ ಮಾತು ಒಲೆ ಊದುವವರಿಗೂ ಸಲ್ಲುತ್ತದೆ!

ಇನ್ನೊಂದು, ‘ಮೈಮುರಿ’ ನಾಲ್ಕನೇ ಸಾಲಲ್ಲಿ ನಿಂತು ‘ದಿಕ್ಕಿತು’ ಐದನೇ ಸಾಲಿಗೆ ಇಳಿದಿದೆ. ‘ಮುರಿದು’, ‘ಇಕ್ಕಿತು’ ಎರಡೂ ಕೂಡಿ ಒಡೆದ ಜಾಗದಲ್ಲೇ ಪ್ರಾಸ ಹುಟ್ಟಿದೆ. ಹಳೆಯ ಷಟ್ಪದಿಗಳಲ್ಲಿ ಸಾಲು ದಾಟಿ ಹೋಗುವ ಪದ ಎಷ್ಟೊಂದು ಸಿಗುತ್ತವೆ, ನಾವೇಕೋ ಹೆದರಿಕೊಂಡು ಪ್ರತಿ ಸಾಲಿಗೂ ಪದ ಮುಗಿಸಿಬಿಡುತ್ತೇವೆ. ಹಾಗೆ ಮಾಡಿದಾಗ ಓದು ಕುಂಟುತ್ತದೆ.

ಕಡೂರು ಮೇಷ್ಟ್ರು:
ಅಪ್ರಸ್ತುತ ಪ್ರಸಂಗ ಅಂತ ತಿಳಿದುಕೊಳ್ಳಿ. ಪದೇ ಪದೇ ಭಾಮಿನಿಯೇ ಯಾಕೆ? ಲಕ್ಷ್ಮೀಶ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು. ಅವನ ಜೈಮಿನಿ ಭಾರತ ವಾರ್ಧಕ ಷಟ್ಪದಿಯಲ್ಲಿದೆ. ಜಿಲ್ಲೆಯವರಾಗಿ ನಾವು ವಾರ್ಧಕ ಬರೆಯದಿದ್ದರೆ ಹೇಗೆ?

ಇದು ಅಪ್ರಸ್ತುತ ಅಲ್ಲ ಮೇಷ್ಟ್ರೇ. ಮುಂದಿನದು ವಾರ್ಧಕವೇ. ಐದೈದು ಮಾತ್ರೆಯ ಗಣ. 1, 2, 4, 5ನೇ ಸಾಲಿಗೆ ನಾಲ್ಕು ಗಣ, 20 ಮಾತ್ರೆ. 3, 6ನೇ ಸಾಲಿಗೆ ಆರು ಗಣ, ಮೇಲೊಂದು ಗುರು, 32. ಒಟ್ಟು 144. ಸಾಲು ಇಗೋ:

ಒಣಗಿಸಲು ಹಾಕಿದೊಡೆ ನೆನೆದುಹೋದುವು ಬಟ್ಟೆ ಬಿಸಿಲು ಸುಡುತಿರುವಾಗಲೂ

ಪ್ರಾಸ ‘ಣ’, ಹಿಂದಿನ ಅಕ್ಷರ ಲಘು. ಹಣ, ಮಣೆ, ದಣಿವು, ಕುಣಿತ, ಎಣಿಕೆ ಎಲ್ಲ ಆಗುತ್ತದೆ. ಬಿಸಿಲು ಮಳೆ ಒಟ್ಟಿಗೆ ಬಂತು ಅಂತ ಬರೆಯಬೇಡಿ, ಅದು ಎಲ್ಲರಿಗೂ ಮೊದಲು ಹೊಳೆಯುವುದು. ಮಾಡಿನ ಟ್ಯಾಂಕಿ, ಮೇಲಿನ ಮನೆಯವರ ಕುಂಡ, ಪೈಪು ಹಿಡಿದ ಮಗು, ಸುತ್ತ ನೋಡಿಕೊಳ್ಳಿ.

ಹಾಸನದಕ್ಕ:
ಮೇಲಿನ ಮನೆಯವರ ಕುಂಡ ನನಗೆ ಬಿಡಿ, ಯಾರೂ ಮುಟ್ಟಬೇಡಿ. ಆ ವಿಷಯದಲ್ಲಿ ನನ್ನ ಹತ್ತಿರ ಹೇಳುವುದು ಜಾಸ್ತಿ ಇದೆ.

ಮೂಡಿಗೆರೆ ತಮ್ಮ:
ಪೈಪು ಹಿಡಿದ ಮಗು ನಂದು. ಪ್ರಾಸ ಈ ಸಲ ಮೊದಲೇ ಬರೆದಿಟ್ಟುಕೊಂಡು ಶುರು ಮಾಡ್ತೀನಿ.