ಝೇವಿಯರ್ಸ್‌ನಲ್ಲಿ ಕೆಮಿಸ್ಟ್ರಿ ಮೇಜರ್: ಯಾವ ತಯಾರಿ ಬೇಕು?

ಪ್ರಶ್ನೆ: ಮಗಳಿಗೆ ಮುಂಬೈನ ಸೇಂಟ್ ಝೇವಿಯರ್ಸ್‌ನಲ್ಲಿ ಕೆಮಿಸ್ಟ್ರಿ ಓದುವಾಸೆ. ಕ್ರೈಸ್ತರಲ್ಲದವರಿಗೆ ಸೀಟು ಸಿಗುತ್ತದೆಯೇ? ಲ್ಯಾಬ್‌ಗೆ ಏನು ಕಲಿತಿರಬೇಕು?

ಉತ್ತರ 1: ಸಿಗುತ್ತದೆ. 1869ರಲ್ಲಿ ಜೆಸ್ಯುಯಿಟರು (ಒಂದು ಕ್ಯಾಥೊಲಿಕ್ ಪಾದ್ರಿ ಸಂಘ) ಕಟ್ಟಿದ ಅಲ್ಪಸಂಖ್ಯಾತ ಸಂಸ್ಥೆ. ಒಂದು ಪಾಲು ಕ್ರೈಸ್ತರಿಗೆ ಮೀಸಲು, ಉಳಿದದ್ದಕ್ಕೆ ಯಾರಾದರೂ ಅರ್ಜಿ ಹಾಕಬಹುದು.

ಉತ್ತರ 2: ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಸಿ ಪ್ರಬಲತೆ ಅಳೆಯುವುದು) ಕೈಗೆ ಕೂರಲಿ, ಥಿಯರಿ ಆಮೇಲೆ. 250 ಮಿ.ಲೀ. 0.1 ನಾರ್ಮಲ್ (ದ್ರಾವಣದ ಪ್ರಬಲತೆಯ ಅಳತೆ) ಆಕ್ಸಾಲಿಕ್ ಆಮ್ಲಕ್ಕೆ 1.575 ಗ್ರಾಂ ಹರಳು ತೂಗಿ. ಸಾರರಿಕ್ತ (ತೆಳು) ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60–70 ಡಿಗ್ರಿಗೆ ಬಿಸಿ ಮಾಡಿ, ಕಡುನೇರಳೆ ಪರ್ಮಾಂಗನೇಟ್ ದ್ರಾವಣ ಹನಿಸಿ. ಸಲ್ಫ್ಯೂರಿಕ್ ಆಮ್ಲ ಕಡಿಮೆಯಾದರೆ ಮ್ಯಾಂಗನೀಸ್ ಡೈಆಕ್ಸೈಡ್ ಹುಟ್ಟಿ ದ್ರಾವಣ ಕಂದುಬಣ್ಣವಾಗುತ್ತದೆ. ಹೈಡ್ರೋಕ್ಲೋರಿಕ್ ಬೇಡವೇ ಬೇಡ: ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಉತ್ಕರ್ಷಿಸಿ ರೀಡಿಂಗ್ ಏರಿಸುತ್ತದೆ.

ಉತ್ತರ 3: ಬ್ಯೂರೆಟ್ಟಿನಲ್ಲಿ (ಪರ್ಮಾಂಗನೇಟ್ ಹನಿಸುವ ಅಳತೆಗೊಳವೆ) ದ್ರವದ ಮೇಲಂಚು ಓದಿ, ಕಡುನೇರಳೆಯಲ್ಲಿ ಕೆಳಗಿನ ವಕ್ರ ಕಾಣದು. ಆಮ್ಲದ ದ್ರಾವಣದಲ್ಲಿ ತಿಳಿಗುಲಾಬಿ ಅರ್ಧ ನಿಮಿಷ ನಿಂತರೆ ಸಾಕು, ಹನಿಸುವುದನ್ನು ನಿಲ್ಲಿಸಿ.